ನಮ್ಮ ನವೆ

ಜೂನ್ ೩, ಸೋಮವಾರ

ಲಾಂಡ್ರಿಯಲ್ಲಿ ಇಸ್ತ್ರಿಪೆಟ್ಟಿಗೆ ಆಫ್ ಮಾಡಿದೆನೋ ಇಲ್ಲವೋ. ಅರ್ಧ ದಾರಿ ಬಂದವಳು ವಾಪಸು ಹೋಗಿ ನೋಡಿದೆ, ಆಫ್ ಆಗಿತ್ತು. ಮನೆಯ ಮೆಟ್ಟಿಲು ಹತ್ತುವಾಗ ಮತ್ತೆ ಅನುಮಾನ: ನಾನು ನೋಡಿದ್ದು ನನ್ನ ಮೇಜಿನ ಸ್ವಿಚ್ಚೋ ಪಕ್ಕದ್ದೋ? ಇನ್ನೊಮ್ಮೆ ಹೋದೆ. ಲಾಂಡ್ರಿ ಯಜಮಾನ ಶಟರ್ ಎಳೆಯುತ್ತಿದ್ದವನು, "ಏನಮ್ಮಾ, ಇಲ್ಲೇ ಒಂದು ಹಾಸಿಗೆ ಹಾಕ್ಕೊಡ್ಲಾ?" ಎಂದು ನಕ್ಕ. ನಗಲಿ. ಬೆಂಕಿ ಬಿದ್ದ ದಿನ ನಗುವುದಕ್ಕೆ ಯಾರೂ ಉಳಿದಿರುವುದಿಲ್ಲ.

ಈ ಡೈರಿ ಚಿಕ್ಕವಳು, ನನ್ನ ತಂಗಿ, ಕೊಟ್ಟದ್ದು. ಅವಳು ಕೆಲಸ ಮಾಡುವ ಕನ್ನಡಕದ ಅಂಗಡಿಯಲ್ಲಿ ಗಿರಾಕಿಗಳಿಗೆ ಹಂಚಿ ಉಳಿದದ್ದು. "ಅಕ್ಕಾ, ತಲೇಲಿರೋದನ್ನೆಲ್ಲ ನನ್ನ ಕಿವಿಗೆ ಸುರೀಬೇಡ, ಇದಕ್ಕೆ ಸುರಿ. ಇದಕ್ಕೆ ನಿದ್ದೆ ಬರಲ್ಲ" ಎಂದಳು. ನಾನು ಶಾಲೆ ಬಿಟ್ಟದ್ದು ಆರನೇ ಕ್ಲಾಸಿನ ಅರ್ಧಕ್ಕೆ. ಅಮ್ಮ ಹೋದ ಮೇಲೆ ಇವಳನ್ನು ಎತ್ತಿಕೊಳ್ಳಲು ನನ್ನ ಸೊಂಟ ಒಂದೇ ಇತ್ತು. ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಆಗಲಿ, ಓದುವವರು ಯಾರು.

ಸುರಿಯಬೇಕಾದದ್ದು ಇದು: ಚಿಕ್ಕವಳ ಚರ್ಮ. ಮೊದಲು ಕಿವಿಯ ಹಿಂದೆ ಇತ್ತು, ಆಮೇಲೆ ಮೊಣಕೈ, ಈಗ ಬೆರಳ ಗೆಣ್ಣಿಗೆ ಇಳಿದಿದೆ. ಕೆಂಪಗೆ ಎದ್ದು ಮೇಲೆ ಬಿಳಿ ಹೊಟ್ಟಿನ ಹಾಗೆ ಉದುರುತ್ತದೆ. ಮುಲಾಮು ಹಚ್ಚಿದರೆ ಹೋಗುತ್ತದೆ, ಬಿಟ್ಟರೆ ಬರುತ್ತದೆ, ಎಷ್ಟೋ ವರ್ಷದಿಂದ ಹೀಗೇ, ಕರೆಯದ ನೆಂಟನ ಹಾಗೆ. ಅವಳ ಕೆಲಸವೋ, ಗಿರಾಕಿಯ ಮೂಗಿನ ಮೇಲೆ ಕನ್ನಡಕ ಕೂರಿಸಿ ಕಿವಿಯ ಹಿಂದೆ ಕಡ್ಡಿ ಬಗ್ಗಿಸಿ ಸರಿಮಾಡುವುದು. ಇವತ್ತು ಒಬ್ಬ ಹೆಂಗಸು ಮುಖ ಹಿಂದಕ್ಕೆ ಎಳೆದುಕೊಂಡು "ಬೇರೆ ಯಾರೂ ಇಲ್ವಾ?" ಅಂದಳಂತೆ.

ಅಂಗಡಿ ಯಜಮಾನರು ಕೆಟ್ಟವರಲ್ಲ. ನವೆಂಬರಿನಲ್ಲಿ ಬೇರೆ ಊರಿನಲ್ಲಿ ಹೊಸ ಅಂಗಡಿ ತೆರೆಯುತ್ತಾರಂತೆ, ಕೈ ವಾಸಿಯಾದರೆ ಅದನ್ನು ನೋಡಿಕೊಳ್ಳುವವಳು ಇವಳೇ ಅಂತೆ. ಹೇಳುವಾಗ ಅವಳ ಮುಖ, ತೊಳೆದ ಲೋಟದ ಹಾಗೆ, ಹೊಳೆಯುತ್ತಿತ್ತು.

ಬೇರೆ ಊರು. ಅಲ್ಲಿ ಬಾಗಿಲಿಗೆ ಚಿಲಕ ಗಟ್ಟಿ ಇರುತ್ತದೋ ಇಲ್ಲವೋ.

ಜೂನ್ ೮, ಶನಿವಾರ

ಗುಳಿಗೆ ಡಾಕ್ಟರ ಹತ್ತಿರ ಹೋದೆವು. ಹೋಮಿಯೋಪತಿಯವರು, ಮೃದು ಮಾತಿನ ಮುದುಕರು. ಅವರ ಬಿಳಿ ಕೋಟುಗಳಿಗೆ ಗಂಜಿ ಹಾಕಿ ಇಸ್ತ್ರಿ ಮಾಡುವವಳು ನಾನೇ, ಅದರಿಂದ ಪರಿಚಯ. ಗೋಡೆ ತುಂಬ ಬೆರಳುದ್ದದ ಶೀಸೆಗಳು. ನಾಲಿಗೆ ನೋಡಲಿಲ್ಲ, ನಾಡಿ ಹಿಡಿಯಲಿಲ್ಲ, ಚರ್ಮವನ್ನೂ ಒಂದು ಸಲ ನೋಡಿ ಬಿಟ್ಟರು. ಬರೀ ಪ್ರಶ್ನೆ. "ನಾನು ಕಾಯಿಲೆಗೆ ಔಷಧಿ ಕೊಡಲ್ಲ, ಮನುಷ್ಯರಿಗೆ ಕೊಡ್ತೀನಿ. ಸ್ವಭಾವ ಗೊತ್ತಾಗ್ಬೇಕು" ಎಂದರು.

"ಕತ್ತಲೆ ಅಂದ್ರೆ ಹೇಗೆ?"

"ನಮಗೆ ತುಂಬಾ ಭಯ ಡಾಕ್ಟ್ರೇ" ಎಂದೆ.

"ಒಬ್ಬರೇ ಇರಬೇಕಾದಾಗ?"

"ಅಯ್ಯೋ, ನಮಗೆ ಆಗೋದೇ ಇಲ್ಲ. ಎದೆ ಹೊಡ್ಕೊಳುತ್ತೆ."

"ಮಾಡಿದ್ದನ್ನೇ ಮತ್ತೆ ಮತ್ತೆ ನೋಡೋ ಅಭ್ಯಾಸ?"

"ಚಿಲಕ, ಸ್ವಿಚ್ಚು, ಗ್ಯಾಸು, ಎಲ್ಲ ನೋಡ್ಬೇಕು ನಮಗೆ."

ಚಿಕ್ಕವಳು ಬಾಯಿ ತೆರೆದಳು. ನಾನು ಅವಳ ಮೊಣಕಾಲು ಒತ್ತಿದೆ. ದೊಡ್ಡವರ ಮುಂದೆ ಅವಳಿಗೆ ಮಾತಾಡಲು ಬರುವುದಿಲ್ಲ, ಏನಾದರೂ ಒಂದು ಹೇಳಿಬಿಡುತ್ತಾಳೆ. ಅವಳು ಮಗುವಾಗಿದ್ದಾಗಲೂ ನಾನು ಹೀಗೇ ಹೇಳುತ್ತಿದ್ದದ್ದು. ನಮಗೆ ಹಾಲು ಸೇರಲ್ಲ, ನಮಗೆ ರಾತ್ರಿ ಕೆಮ್ಮು. ಮಗು ಹೊತ್ತವರು ಮಗುವಿನ ಮಾತನ್ನೂ ಹೊರಬೇಕಲ್ಲ.

ಡಾಕ್ಟರು ತಲೆಯಾಡಿಸಿ, ಬಲು ಸ್ಪಷ್ಟವಾದ ಸ್ವಭಾವ ಎಂದು ಖುಷಿಪಟ್ಟರು. ಮುಲಾಮು ನಿಲ್ಲಿಸಬೇಕು. ಕಾಫಿ, ಈರುಳ್ಳಿ, ಬೆಳ್ಳುಳ್ಳಿ, ಸೆಂಟು ಬೇಡ. ಗುಳಿಗೆ ಕೈಯಲ್ಲಿ ಮುಟ್ಟದೆ ಮುಚ್ಚಳಕ್ಕೆ ಉದುರಿಸಿ ನಾಲಿಗೆಗೆ ಹಾಕಿಕೊಳ್ಳಬೇಕು. "ಒಳಗಿರೋದು ಮೊದಲು ಹೊರಗೆ ಬರುತ್ತೆ. ಸ್ವಲ್ಪ ಕೆರಳಬಹುದು, ಹೆದರ್ಬೇಡಿ. ಆದ್ರೆ ನೀರು ಸೋರಿದ್ರೆ, ಜ್ವರ ಬಂದ್ರೆ, ಒಂದು ಗಳಿಗೆ ಕಾಯಬಾರದು. ಆಸ್ಪತ್ರೆಗೆ ಹೋಗ್ಬೇಕು."

ಮೆಟ್ಟಿಲಿಳಿಯುವಾಗ ಚಿಕ್ಕವಳು ಅಂದಳು, "ಅಕ್ಕಾ, ನನಗೆ ಕತ್ತಲೆ ಅಂದ್ರೆ ಏನೂ ಭಯ ಇಲ್ಲ."

"ನಿನಗೆ ಗೊತ್ತಾಗಲ್ಲ, ಸುಮ್ನಿರು."

ಜೂನ್ ೧೯

ಬರುತ್ತಿದೆ! ಹೊರಗೆ ಬರುತ್ತಿದೆ! ಕುತ್ತಿಗೆ, ಬೆನ್ನು, ಅಂಗೈ ಕೂಡ. ಡಾಕ್ಟರು ಹೇಳಿದಂತೆಯೇ. ಚಿಕ್ಕವಳು ಕನ್ನಡಿಯ ಮುಂದೆ ಅಳುತ್ತ ಕೂತಿದ್ದಳು. "ಅಳೋದೇನೇ? ಒಳಗಿದ್ದ ಕಸ ಹೊರಗೆ ಬಂತು ಅಂದ್ಕೋ" ಎಂದೆ.

"ಹೊರಗೆ ಬಂದ್ರೆ ಹೋಗ್ಬೇಕಲ್ಲ ಅಕ್ಕಾ. ಇದು ಬಂದು ಕೂತ್ಕೊಂಡಿದೆ."

ಮುಲಾಮು ಕೇಳಿದಳು, ಒಂದೇ ಒಂದು ಸಲ, ಬೆರಳಿಗೆ ಮಾತ್ರ. ಕೊಡುತ್ತೇನೆಂದು ಟ್ಯೂಬು ತೆಗೆದುಕೊಂಡು ಹೋಗಿ ಬಚ್ಚಲಿನಲ್ಲಿ ಹಿಂಡಿ ನೀರು ಬಿಟ್ಟೆ. ಒಳ್ಳೆಯದನ್ನೂ ಕದ್ದು ಮಾಡಬೇಕು, ಏನು ಜನ್ಮವೋ.

ಕೆರೆದುಕೊಳ್ಳಬಾರದೆಂದು ಮಲಗುವಾಗ ಅವಳ ಎರಡು ಕೈಗೂ ಹಳೆಯ ಕಾಲುಚೀಲ ಹಾಕಿ ಮಣಿಕಟ್ಟಿಗೆ ದಾರ ಕಟ್ಟುತ್ತೇನೆ. ಲಾಂಡ್ರಿಯಲ್ಲಿ ಬಟ್ಟೆಗಂಟಿಗೆ ಹಾಕುವ ಗಂಟು, ಎಳೆದಷ್ಟೂ ಬಿಗಿಯುತ್ತದೆ.

ಜೂನ್ ೨೭

ಡಾಕ್ಟರ ಕೋಟು ಕೊಡುವ ನೆಪದಲ್ಲಿ ಒಬ್ಬಳೇ ಹೋಗಿದ್ದೆ. "ನಮಗೆ ಚೆನ್ನಾಗಿ ಹೊರಗೆ ಬರ್ತಾ ಇದೆ" ಎಂದೆ.

"ಕರ್ಕೊಂಡು ಬನ್ನಿ, ನೋಡ್ದೆ ಹೇಗೆ ಕೊಡ್ಲಿ?"

"ಬೀದೀಲಿ ಮುಖ ತೋರ್ಸೋಕೆ ನಾಚಿಕೆ ಅವಳಿಗೆ."

"ಸೋರ್ತಾ ಇದೆಯಾ?"

"ಇಲ್ಲ" ಎಂದೆ. ಹಾಸಿಗೆಗೆ ಒಂದೆರಡು ಹನಿ ತಾಗಿದ್ದನ್ನು ಸೋರುವುದು ಎನ್ನುತ್ತಾರೆಯೇ? ನಲ್ಲಿ ಸೋರುತ್ತದೆ, ಸೂರು ಸೋರುತ್ತದೆ.

"ಮನಸ್ಸು ಹೇಗಿದೆ?"

ನಾನು ಯೋಚಿಸಿ ನಿಜವನ್ನೇ ಹೇಳಿದೆ. "ನಮಗೆ ಮನಸ್ಸು ಹಗುರ ಆಗಿದೆ ಡಾಕ್ಟ್ರೇ. ಮೊದಲಿನಷ್ಟು ಭಯ ಇಲ್ಲ. ನಿದ್ದೆ ಬರುತ್ತೆ."

ಅವರ ಮುಖ ಅರಳಿತು. "ನೋಡಿದ್ರಾ! ಮನಸ್ಸು ಮೊದಲು ವಾಸಿಯಾಗುತ್ತೆ, ಚರ್ಮ ಕೊನೇಲಿ. ಸರಿಯಾದ ಔಷಧಿ ಬಿದ್ದಿದೆ" ಎಂದು ಅದನ್ನೇ ಇನ್ನೂ ಜೋರಾಗಿ ಕೊಟ್ಟರು. ಸಕ್ಕರೆಯ ಹಾಗೆ ಸಿಹಿ. ಪಾಪ, ಚಿಕ್ಕವಳಿಗೆ ತಿನ್ನಿಸುವ ಮೊದಲು ನಾನೂ ಒಂದು ಹಾಕಿಕೊಂಡು ನೋಡುತ್ತೇನೆ, ಕೆಟ್ಟಿರಬಾರದಲ್ಲ.

ಜುಲೈ ೭, ಭಾನುವಾರ

ಚಿಕ್ಕವಳನ್ನು ಅಂಗಡಿಯ ಮುಂಭಾಗದಿಂದ ತೆಗೆದು ಹಿಂದಿನ ಕೋಣೆಗೆ ಹಾಕಿದ್ದಾರೆ. ಗಾಜು ಒರೆಸಿ ಪೊಟ್ಟಣ ಕಟ್ಟುವ ಕೆಲಸ. ಅಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವವನೊಬ್ಬ ಇದ್ದಾನೆ. ಅವನು ಇವತ್ತು ಅವಳು ಮರೆತ ಕೊಡೆ ಹಿಡಿದು ಮನೆಗೇ ಬಂದ. ಹೊರಗೆ ಬಿಸಿಲು ಚುರುಗುಟ್ಟುತ್ತಿದೆ, ಇವನಿಗೆ ಕೊಡೆಯ ಚಿಂತೆ.

ಹೊಸ ಅಂಗಡಿಗೆ ಅವನನ್ನೂ ಕಳಿಸುತ್ತಾರಂತೆ. "ಇವರೂ ಬಂದ್ರೆ ಚೆನ್ನಾಗಿರುತ್ತೆ" ಎಂದು ನೆಲ ನೋಡಿಕೊಂಡು ಹೇಳಿದ. ಚಿಕ್ಕವಳು ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ನಗುತ್ತಿದ್ದಳು. ತಿಂಗಳಿಂದ ನಗದವಳು.

ಹೇಳುವುದು ನನ್ನ ಧರ್ಮ, ಹೇಳಿದೆ. "ನೋಡಪ್ಪಾ, ಮುಚ್ಚಿಡೋದು ತಪ್ಪು. ಸೆರಗು ತೆಗಿಯೇ, ತೋರ್ಸು. ಬೆನ್ನು ಇದಕ್ಕಿಂತ ಹಾಳು. ಹಾಸಿಗೆ ಕೊಡವಿದ್ರೆ ಒಂದು ಮೊರ ಹೊಟ್ಟು. ಮಕ್ಕಳಿಗೂ ಬರುತ್ತೆ ಅಂತಾರೆ."

ಚಿಕ್ಕವಳ ಮುಖದಲ್ಲಿ ಆ ನಗು ಹಾಗೇ ನಿಂತಿತ್ತು, ತೆಗೆಯಲು ಮರೆತವರ ಹಾಗೆ.

ಅವನು, "ಬಂದ್ರೆ ಬರಲಿ ಅಕ್ಕಾ. ಹೇಗೆ ನೋಡ್ಕೋಬೇಕು ಅಂತ ಇವರಿಗಿಂತ ಯಾರಿಗೆ ಚೆನ್ನಾಗಿ ಗೊತ್ತಿರುತ್ತೆ?" ಎಂದ.

ಎಂಥ ನಾಚಿಕೆಗೆಟ್ಟ ಮಾತು. ಆಗದ ಮಕ್ಕಳ ಮಾತಿಗೆ ಆಗಲೇ ಉತ್ತರ ಇಟ್ಟುಕೊಂಡಿದ್ದಾನೆ.

ಜುಲೈ ೧೫, ಸೋಮವಾರ

ಬೆರಳುಗಳು ತಿಳಿಯಾಗುತ್ತಿವೆ. ಬೆನ್ನು ಕೆಂಡವಾಗಿದೆ, ಕೈ ಬೆರಳು ಮಾತ್ರ ಸಣ್ಣ ಮಗುವಿನದರಂತೆ. ಇದು ಗುಳಿಗೆಯ ಕ್ರಮವಲ್ಲ. ಹುಡುಕಿದೆ. ಕನ್ನಡಕದ ಖಾಲಿ ಡಬ್ಬಿಯೊಳಗೆ, ಒರೆಸುವ ಬಟ್ಟೆಯ ಕೆಳಗೆ, ಒಂದು ಪುಟ್ಟ ಭರಣಿಯಲ್ಲಿ ಬಿಳಿ ಮುಲಾಮು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ! ತಂದುಕೊಟ್ಟವನು ಯಾರೆಂದು ಕೇಳಬೇಕಾಗಿಲ್ಲ.

ಜಗಳ ಆಡಲಿಲ್ಲ. ಜಗಳ ಆಡಿದರೆ ಇನ್ನೊಂದು ತರುತ್ತಾನೆ. ಭರಣಿಯನ್ನು ಲಾಂಡ್ರಿಗೆ ತೆಗೆದುಕೊಂಡು ಹೋಗಿ, ತೊಳೆದು, ಕಾಲರಿಗೆ ಹಾಕುವ ಗಂಜಿಯನ್ನು ಗಟ್ಟಿಯಾಗಿ ಕಲಸಿ ತುಂಬಿದೆ. ಮೇಲೆ ಬೆರಳಿನಿಂದ ಸವರಿ ಅವಳು ಅದ್ದಿದ ಗುರುತು ಕೂಡ ಮಾಡಿಟ್ಟೆ. ನೋಡಿದರೆ ಅದೇ ಬಿಳಿ, ಅದೇ ನುಣುಪು. ಗಂಜಿಯಿಂದ ಯಾರಿಗೆ ಏನಾಗುತ್ತದೆ?

ಮನೆಗೆ ಬಂದ ಮೇಲೆ ನೆನಪಾಯಿತು, ಇವತ್ತು ಇಸ್ತ್ರಿಪೆಟ್ಟಿಗೆ ನೋಡಲು ವಾಪಸು ಹೋಗಲೇ ಇಲ್ಲ. ಇರಲಿ. ಆಫ್ ಮಾಡಿರುತ್ತೇನೆ.

ಜುಲೈ ೧೭

ಒಳ್ಳೆಯ ನಿದ್ದೆ.

ಜುಲೈ ೨೧, ಭಾನುವಾರ

ಗೆಣ್ಣುಗಳು ಒಡೆದಿವೆ. ಒಣಗಿದ ಗಂಜಿ ಚರ್ಮವನ್ನು ಹಿಡಿದು ಎಳೆದಿರಬೇಕು, ಮಡಚಿದಲ್ಲೆಲ್ಲ ಸೀಳು, ರಕ್ತ. ಚಿಕ್ಕವಳು ಅಡುಗೆಕೋಣೆಯ ಬಾಗಿಲಲ್ಲಿ ನಿಂತು ಕೈ ಮೂಸಿ ನೋಡುತ್ತಿದ್ದಳು. ಆಮೇಲೆ ನನ್ನ ಹತ್ತಿರ ಬಂದು ನನ್ನ ಸೀರೆ ಮೂಸಿದಳು. ಚಿಕ್ಕಂದಿನಲ್ಲಿ ಹೀಗೇ ಮೂಸಿ ನಿದ್ದೆ ಹೋಗುತ್ತಿದ್ದಳು.

"ಅಕ್ಕಾ, ಇದು ಗಂಜಿ."

"ಯಾವುದೇ?"

"ನಾನು ಬೆಳೆದದ್ದೇ ಈ ವಾಸನೇಲಿ. ನನಗೆ ಗೊತ್ತಾಗಲ್ಲ ಅಂದ್ಕೊಂಡ್ಯಾ?"

"ಗಂಜಿ ಏನು ವಿಷಾನಾ? ಕದ್ದು ಹಚ್ಚಿದ್ದು ನೀನು. ನನ್ನನ್ನ ಕೇಳ್ತೀಯಲ್ಲ!"

ಕೂಗಾಡುತ್ತಾಳೆಂದುಕೊಂಡಿದ್ದೆ. "ನನಗೆ ವಾಸಿಯಾಗೋದು ನಿನಗೆ ಬೇಡ ಅಲ್ವಾ" ಎಂದಷ್ಟೇ ಹೇಳಿ ಹೋಗಿ ಮಲಗಿದಳು. ಎಂಥ ಮಾತು! ಅವಳ ಹಾಸಿಗೆಯ ಹೊಟ್ಟು ಗುಡಿಸುವವಳು ನಾನು, ಬಿಸಿನೀರು ಕಾಯಿಸುವವಳು ನಾನು. ಅವಳಿಗೆ ವಾಸಿಯಾಗದೆ ಇದ್ದರೆ ನನಗೇನು ಸಿಗುತ್ತದೆ? ಏನು ಸಿಗುತ್ತದೆ ಎಂದು ಬಹಳ ಹೊತ್ತು ಯೋಚಿಸಿದೆ, ಆಮೇಲೆ ಬೇಡವೆಂದು ಬಿಟ್ಟೆ.

ಸಂಜೆ ಹಣೆ ಮುಟ್ಟಿದರೆ ಸುಡುತ್ತಿತ್ತು. ಜ್ವರ ಅಲ್ಲ. ಮೈ ಬಿಸಿ. ಜ್ವರ ಎಂದರೆ ಆಸ್ಪತ್ರೆ, ಆಸ್ಪತ್ರೆ ಎಂದರೆ ಮುಲಾಮು, ಪಟ್ಟ ಪಾಡೆಲ್ಲ ನೀರಿಗೆ. ಗುಳಿಗೆ ಹಾಕಿದೆ. ಹಲ್ಲು ಕಚ್ಚಿ ಹಿಡಿದಿದ್ದಳು, ಮೂಗು ಒತ್ತಿ ಹಾಕಬೇಕಾಯಿತು.

ಜುಲೈ ೨೨

ಮೈ ಬಿಸಿ ಹಾಗೇ ಇದೆ. ಕೆಲಸಕ್ಕೆ ಹೋಗುವಾಗ ಹೊರಗಿನಿಂದ ಬೀಗ ಹಾಕಿಕೊಂಡು ಹೋದೆ. ಕೊಡೆಯವನು ಬಂದು ಇನ್ನೇನಾದರೂ ಮರೆತದ್ದು ಕೊಟ್ಟು ಹೋದರೆ? ಫೋನು ಅವಳ ಹತ್ತಿರವೇ ಬಿಟ್ಟೆ. ನಾನೇನು ರಾಕ್ಷಸಿಯೇ.

ಜುಲೈ ೨೪, ಬುಧವಾರ

ನಿನ್ನೆ ಮಧ್ಯಾಹ್ನ ಬಂದರೆ ಬೀಗ ಒಡೆದಿದೆ. ಹಾಸಿಗೆ ಖಾಲಿ. ಕೆಳಮನೆಯ ದರ್ಜಿ, "ಕನ್ನಡಕದಂಗಡಿಯವರು ಎತ್ಕೊಂಡು ಹೋದ್ರು. ಆ ಹುಡುಗಿಗೆ ಮೈಮೇಲೆ ಪ್ರಜ್ಞೆ ಇರಲಿಲ್ಲ. ಬೀಗ ಹಾಕ್ಕೊಂಡು ಹೋಗಿದ್ಯಲ್ಲಮ್ಮ, ಬಟ್ಟೆ ಬೀರು ಅಂದ್ಕೊಂಡ್ಯಾ?" ಎಂದ. ಮಾತು ಹೊಲಿಯುವುದರಲ್ಲಿ ಅವನನ್ನು ಮೀರಿಸುವವರಿಲ್ಲ.

ಆಸ್ಪತ್ರೆಯಲ್ಲಿ ನರ್ಸು ಅಡ್ಡ ನಿಂತಳು. ಒಡೆದ ಚರ್ಮದಿಂದ ನಂಜು ರಕ್ತಕ್ಕೆ ಹೋಗಿತ್ತಂತೆ, ಇನ್ನೊಂದು ದಿನ ತಡವಾಗಿದ್ದರೆ ಅಂತೆ ಕಂತೆ. ಒಳಗೆ ಬಿಡು ಎಂದೆ.

"ಪೇಷೆಂಟು ಬೇಡ ಅಂದಿದ್ದಾರೆ."

"ಅವಳಿಗೇನು ಗೊತ್ತು? ನಮಗೇನು ಬೇಕು ಅಂತ ನನಗೆ ಗೊತ್ತಿರುತ್ತೆ."

"ಅವರು ಬಾಯಿಬಿಟ್ಟು ಹೇಳಿದ್ದು ಅದೊಂದೇ ಮಾತು" ಎಂದು ಬಾಗಿಲು ಹಾಕಿದಳು.

ಬಾಗಿಲಿನ ಗಾಜಿನಿಂದ ಕಂಡಿತು. ಕೊಡೆಯವನು ಅವಳ ಬೆರಳುಗಳಿಗೆ ಒಂದೊಂದಾಗಿ ಮುಲಾಮು ಹಚ್ಚುತ್ತಿದ್ದ. ಕಣ್ಣೆದುರೇ. ಗಿಣಿ ಸಾಕಿ ಗಿಡುಗನ ಕೈಗೆ ಕೊಟ್ಟ ಹಾಗಾಯಿತು.

ಆಗಸ್ಟ್ ೫, ಸೋಮವಾರ

ಗುಳಿಗೆ ಡಾಕ್ಟರು ತಾವೇ ಲಾಂಡ್ರಿಗೆ ಬಂದರು. ಆಸ್ಪತ್ರೆಗೆ ಹೋಗಿ ಚಿಕ್ಕವಳನ್ನು ನೋಡಿಕೊಂಡು ಬಂದಿದ್ದರು. ನನ್ನ ಮೇಜಿನ ಎದುರು ನಿಂತರು. ಅವರದೇ ಕೋಟಿನ ತೋಳಿಗೆ ನಾನು ಇಸ್ತ್ರಿ ಹಾಕುತ್ತಿದ್ದೆ.

"ಒಂದು ಕೇಳ್ತೀನಿ. ನಮಗೆ ಕತ್ತಲೆ ಭಯ ಅಂದ್ರಲ್ಲ. ನಮಗೆ ಅಂದ್ರೆ ಯಾರಿಗಮ್ಮಾ?"

"ಅಂದ್ರೆ... ನಮಗೆ."

"ಆ ಹುಡುಗಿಗೆ ಭಯ ಇಲ್ಲ. ಒಬ್ಬಳೇ ಇರೋದು ಅಂದ್ರೆ ಇಷ್ಟ ಅವಳಿಗೆ. ಚಿಲಕಾನೇ ಹಾಕಲ್ವಂತೆ. ಮನಸ್ಸು ಹಗುರ ಆಗಿದೆ ಅಂದ್ರಲ್ಲ, ಅದು ಯಾರ ಮನಸ್ಸು?"

ನಾನು ಇಸ್ತ್ರಿಪೆಟ್ಟಿಗೆ ತಿರುಗಿಸಿ ಇನ್ನೊಂದು ತೋಳಿಗೆ ಹೋದೆ.

"ಅವಳ ಕಾಯಿಲೆಗೆ ನಿಮ್ಮ ಔಷಧಿ ಕೊಟ್ಟೆ ನಾನು. ಈ ಕೆಲಸ ಮಾಡ್ತಾ ಇಷ್ಟು ವರ್ಷ ಆಯ್ತು, ಎದುರಿಗೆ ಕೂತವಳನ್ನ ಕೇಳದೆ ಪಕ್ಕದವರ ಮಾತು ಬರ್ಕೊಂಡೆ. ಜ್ವರ ಬಂದ್ರೆ ಕಾಯಬಾರದು ಅಂದಿದ್ದೆ ತಾನೆ?"

"ಮೈ ಬಿಸಿ ಇತ್ತು ಅಷ್ಟೆ ಡಾಕ್ಟ್ರೇ."

ಅವರು ಇಸ್ತ್ರಿಯಾದ ಕೋಟು, ಆಗದ ಕೋಟು ಎರಡನ್ನೂ ನನ್ನ ಕೈಯಿಂದ ತೆಗೆದುಕೊಂಡು ಪಕ್ಕದ ಮೇಜಿನವಳಿಗೆ ಕೊಟ್ಟರು. ಹೋಗುವಾಗ, "ಆ ಶೀಸೆ ನೀವೇ ಇಟ್ಕೊಳ್ಳಿ. ನಿಮ್ಮದೇ ಅದು" ಎಂದರು.

ಕೊನೆಗೂ ಅವರ ಬಾಯಿಂದಲೇ ಬಂತಲ್ಲ. ಔಷಧಿ ತಪ್ಪಾಗಿ ಕೊಟ್ಟದ್ದು ಅವರು. ತಿಂಗಳುಗಟ್ಟಲೆ ಜೀವ ತೇದವಳು ನಾನು, ದೂರು ಮಾತ್ರ ನನ್ನ ತಲೆಗೆ.

ಆಗಸ್ಟ್ ೧೮, ಭಾನುವಾರ

ಚಿಕ್ಕವಳು ಬಂದು ತನ್ನ ಬಟ್ಟೆ ತೆಗೆದುಕೊಂಡು ಹೋದಳು. ಅವನು ಮೆಟ್ಟಿಲ ಕೆಳಗೆ ನಿಂತಿದ್ದ. ಯಾವುದಕ್ಕೂ ಇಸ್ತ್ರಿ ಆಗಿಲ್ಲ, ಮಾಡಿಕೊಡುತ್ತೇನೆ ಎಂದೆ. ಮುದ್ದೆ ಮಾಡಿಕೊಂಡೇ ತುಂಬಿದಳು. ಕಾಲುಚೀಲಗಳನ್ನು ಹಾಸಿಗೆಯ ಮೇಲೆ ಸಾಲಾಗಿ ಇಟ್ಟು ಹೋದಳು, ದಾರದ ಸಮೇತ.

ನವೆಂಬರ್ ೨೪, ಭಾನುವಾರ

ನನಗೂ ಈಗ ಸೂಜಿಗೆ ದಾರ ಪೋಣಿಸಲು ಆಗುತ್ತಿಲ್ಲ. ಕನ್ನಡಕ ಬೇಕು. ಕನ್ನಡಕ ಬೇಕೆಂದ ಮೇಲೆ ಪರಿಚಯದ ಅಂಗಡಿಗೆ ಹೋಗುವುದರಲ್ಲಿ ತಪ್ಪೇನು? ರೈಲು ಹತ್ತಿದೆ. ಬೀಗ ಹಾಕಿದೆನೋ ಇಲ್ಲವೋ ಎಂದು ದಾರಿಯಲ್ಲಿ ಒಮ್ಮೆಯೂ ಅನ್ನಿಸಲಿಲ್ಲ. ಒಳಗೆ ಕಾಯುವಂಥದ್ದು ಏನಿದೆ.

ಅಂಗಡಿ ಬೆಳ್ಳಗೆ ಝಗಝಗಿಸುತ್ತಿದೆ. ಚಿಕ್ಕವಳು ಗಲ್ಲಾದ ಹಿಂದೆ ನಿಂತಿದ್ದಳು. ತೋಳಿಲ್ಲದ ರವಿಕೆ. ಕೈ, ಮೊಣಕೈ, ಬೆರಳು, ಎಲ್ಲಿಯೂ ಒಂದು ಗುರುತಿಲ್ಲ. ಹಿಂದಿನ ಕೋಣೆಯಿಂದ ಗಾಜು ಉಜ್ಜುವ ಸದ್ದು ಬರುತ್ತಿತ್ತು. ನನ್ನನ್ನು ಕಂಡು ಅವಳು ಒಂದು ಕ್ಷಣ ಒರೆಸುವ ಬಟ್ಟೆಯನ್ನು ಬಿಗಿಯಾಗಿ ಹಿಡಿದಳು, ಅಷ್ಟೆ. ಆಮೇಲೆ ಕುರ್ಚಿ ತೋರಿಸಿದಳು.

"ಕೂತ್ಕೊಳ್ಳಿ."

ಕೂತ್ಕೊಳ್ಳಿ! ನಾನು ಸೊಂಟದ ಮೇಲೆ ಹೊತ್ತವಳು ನನಗೆ ಕೂತ್ಕೊಳ್ಳಿ ಎಂದಳು. ಅಕ್ಕಾ ಎನ್ನಲಿಲ್ಲ. ಬೈದಿದ್ದರೆ ಬೈಗುಳದಲ್ಲಾದರೂ ನೀನು ಎನ್ನುತ್ತಿದ್ದಳು.

ಚೌಕಟ್ಟು ಮೂಗಿನ ಮೇಲೆ ಕೂರಿಸಿದಳು. ಬೆರಳು ನನ್ನ ಕೆನ್ನೆಗೆ ತಾಗಿತು, ತಣ್ಣಗೆ, ರೇಷ್ಮೆಯ ಹಾಗೆ. ಬೇರೆಯವರ ಮುಖ ಮುಟ್ಟುವ ಹಾಗೆಯೇ ಮುಟ್ಟಿದಳು, ಅದಕ್ಕಿಂತ ಒಂದು ನೂಲು ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ.

"ಹತ್ತಿರದ್ದು ಕಾಣಿಸ್ತಾ ಇದೆಯಾ?"

"ನಮಗೆ ಸ್ವಲ್ಪ ಮಂಜು ಮಂಜು..." ಎಂದೆ.

"ನಮಗೆ ಅಲ್ಲ" ಎಂದಳು. ದನಿ ಏರಲಿಲ್ಲ. "ನಿಮಗೆ. ನಿಮಗೆ ಮಂಜು. ನನಗೆ ಎಲ್ಲ ಸರಿಯಾಗಿ ಕಾಣುತ್ತೆ."

ಗಾಜು ಬದಲಾಯಿಸಿದಳು. ಪಕ್ಕದಲ್ಲಿ ಕಾಯುತ್ತಿದ್ದ ಗಿರಾಕಿ, "ನಿಮ್ಮವರಾ?" ಎಂದು ಕೇಳಿದ. "ಇಲ್ಲ, ಬೇರೆ ಊರಿನವರು" ಎಂದು ನನ್ನ ಕಿವಿಯ ಹಿಂದಿನ ಕಡ್ಡಿ ಸರಿಮಾಡಲು ಪಕ್ಕಕ್ಕೆ ಬಾಗಿದಳು.

ಆಗ ಮಂಜು ಹೋಗಿ ಒಮ್ಮೆಲೇ ಎಲ್ಲ ಸ್ಪಷ್ಟವಾಯಿತು. ಅವಳ ಕಿವಿಯ ಹಿಂದೆ, ಕೂದಲು ಶುರುವಾಗುವಲ್ಲಿ, ಒಂದು ಚುಕ್ಕೆ. ಕೆಂಪು. ಮೇಲೆ ಒಂದೇ ಒಂದು ಎಸಳು ಬಿಳಿ ಹೊಟ್ಟು. ಅವಳಿಗೆ ಅದು ಕಾಣುವುದಿಲ್ಲ, ಅವನಿಗೂ ಕಂಡಿರಲಿಕ್ಕಿಲ್ಲ. ಮೊದಲ ಸಲ ಶುರುವಾದದ್ದೂ ಅಲ್ಲೇ, ಕಂಡವಳೂ ನಾನೇ.

"ಇದೇ ಇರಲಿ, ಚೆನ್ನಾಗಿ ಕಾಣುತ್ತೆ" ಎಂದು ಹಣ ಕೊಟ್ಟು ಎದ್ದು ಬಂದೆ.

ಈ ಅಕ್ಷರಗಳನ್ನು ಹೊಸ ಕನ್ನಡಕದಲ್ಲೇ ಬರೆಯುತ್ತಿದ್ದೇನೆ. ಎಷ್ಟು ನೆಟ್ಟಗೆ ಬರುತ್ತಿವೆ. ಕೋಣೆಯಲ್ಲಿ ಒಬ್ಬಳೇ ಇದ್ದೇನೆ, ಭಯವೇನೂ ಆಗುತ್ತಿಲ್ಲ. ಶೀಸೆಯಲ್ಲಿ ಗುಳಿಗೆ ಅರ್ಧಕ್ಕಿಂತ ಹೆಚ್ಚು ಉಳಿದಿದೆ. ಕಾಲುಚೀಲಗಳನ್ನು ಒಗೆದು, ಇಸ್ತ್ರಿ ಮಾಡಿ, ಅವಳ ದಿಂಬಿನ ಕೆಳಗೆ ಇಟ್ಟಿದ್ದೇನೆ.

ಹೊರಗೆ ಬರುತ್ತಿದೆ. ಬರಲಿ.